ಟ್ರಂಕಿನಲ್ಲಿ ಇರದಿದ್ದದ್ದು

ನನ್ನ ಗೆಳೆಯನ ಟ್ರಂಕು ಅವನ ಮನೆಗೆ ಬಂದದ್ದು 1988ರಲ್ಲಿ. ಕಪ್ಪು ಬಣ್ಣದ ತಗಡಿನ ಟ್ರಂಕು, ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ಹುದ್ದೆ, ಹೆಸರು. ಅದಕ್ಕೆ ಮುಂಚೆ ಅಸ್ಥಿ ಬಂದಿತ್ತು, ಭಾಗಮಂಡಲದ ಸಂಗಮದಲ್ಲಿ ಬಿಟ್ಟಿದ್ದೆವು. ತಂತಿ ಬಂದ ದಿನ ಅವರ ಕುಟುಂಬದ ಮೂಲಮನೆಯಾದ ಐನ್‌ಮನೆಯಿಂದ ಎರಡು ಗುಂಡಿನ ಸದ್ದು ಕೇಳಿದಾಗ ನಾನು ಗದ್ದೆಯಲ್ಲಿದ್ದೆ. ನಮ್ಮ ಕೊಡವರಲ್ಲಿ ಒಂದು ಗುಂಡು ಹಾರಿದರೆ ಹುಟ್ಟು, ಎರಡು ಹಾರಿದರೆ ಸಾವು. ಆ ಮನೆಯ ಅಜ್ಜನಿಗೆ ವಯಸ್ಸಾಗಿತ್ತು, ಅವರೇ ಹೋದರೇನೋ ಅಂದುಕೊಂಡು ಕೈಕಾಲು ತೊಳೆದು ಓಡಿದೆ. ಅಂಗಳದಲ್ಲಿ ಅಜ್ಜನೇ ಕೋವಿ ಹಿಡಿದು ನಿಂತಿದ್ದರು.

ಅವನ ತಾಯಿ ಹೆಸರು ಹಾಕಬೇಡ ಅಂದಿದ್ದಾರೆ. ಹಾಗಾಗಿ ಇಲ್ಲಿ 'ಅವನು' ಎಂದೇ ಬರೆಯುತ್ತೇನೆ. ಒಂದನೇ ಕ್ಲಾಸಿನಿಂದ ಹತ್ತರವರೆಗೆ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನು ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಸೇರಿ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಸೆಂಟರಿನಲ್ಲಿ ಟ್ರೇನಿಂಗ್ ಮುಗಿಸಿದ, ನಾನು ಮೇಷ್ಟ್ರಾದೆ. 1987ರ ಜುಲೈನಲ್ಲಿ ಶ್ರೀಲಂಕಾದ ಜೊತೆ ಒಪ್ಪಂದವಾಗಿ ನಮ್ಮ ಶಾಂತಿಪಾಲನಾ ಪಡೆ ಅಲ್ಲಿಗೆ ಹೋಯಿತು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ವಾಪಸಾಗುವಷ್ಟರಲ್ಲಿ ಸುಮಾರು 1,200 ಜನ ಪ್ರಾಣ ಬಿಟ್ಟಿದ್ದರು. ಅವರಲ್ಲಿ ಇವನೊಬ್ಬ. ಜಾಫ್ನಾ ಕಡೆ ರಸ್ತೆಯಲ್ಲಿ ಹೂತಿಟ್ಟ ಸ್ಫೋಟಕ ತೆಗೆಯುವಾಗ ಹೋದ. ನಮಗೆ ಗೊತ್ತಿದ್ದದ್ದು ಇಷ್ಟೇ, ಒಂದು ತಂತಿಯಲ್ಲಿ ಹಿಡಿಸುವಷ್ಟು.

ನಿವೃತ್ತಿಯಾದ ಮೇಲೆ ಒಂದು ದಿನ ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯನವರ ಪ್ರತಿಮೆಯ ಹತ್ತಿರ ನಿಂತಿದ್ದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಅವರು ಮರಳಲಿಲ್ಲ. ಕಾಣೆಯಾದರು ಎಂದಷ್ಟೇ ಬರೆದಿಟ್ಟರು. ಹಳೆಯ ಮಿಸ್ಟೇರ್ ವಿಮಾನದಲ್ಲಿದ್ದುಕೊಂಡೇ ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಅವರು ಕೆಡವಿದ್ದರು ಅನ್ನುವುದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಎದುರಾಳಿಗಳಿಗೆ. ಆ ಕಡೆಯಿಂದ ವಿಷಯ ಹೊರಬಂದು, 1988ರಲ್ಲಿ, ಅಂದರೆ 23 ವರ್ಷಗಳ ಮೇಲೆ ಮಹಾವೀರ ಚಕ್ರ ಬಂತು. ಅಲ್ಲಿ ನಿಂತಾಗ ನನಗೆ ಹೊಳೆದದ್ದು ಒಂದೇ: ನನ್ನ ಗೆಳೆಯನ ಕೊನೆಯ ಮೂರು ವರ್ಷಗಳು ಯಾರ್ಯಾರದೋ ತಲೆಯಲ್ಲಿ ಇನ್ನೂ ಇವೆ, ಮತ್ತು ಆ ತಲೆಗಳಿಗೆಲ್ಲ ಈಗ ಅರವತ್ತು ದಾಟಿದೆ.

ಹುಡುಕಾಟ ಶುರುವಾದದ್ದು ಮಿಲಿಟರಿ ಕ್ಯಾಂಟೀನಿನ ಕ್ಯೂನಲ್ಲಿ. ಕೊಡಗಿನಲ್ಲಿ ಮಾಜಿ ಸೈನಿಕರನ್ನು ಹುಡುಕಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. 'ಸ್ಯಾಪರ್ಸ್‌ನವರು ಯಾರಾದರೂ ಇದ್ದೀರಾ ಸಾಬ್?' ಎಂದು ಕೇಳುತ್ತ ಹೋದೆ. ಮೂರನೇ ಸಲಕ್ಕೆ ಒಬ್ಬರು ನಿವೃತ್ತ ಹವಾಲ್ದಾರ್ ಸಿಕ್ಕಿದರು, ಅವನ ಬ್ಯಾಚಿನವರು. ಅವರಿಂದ ಇನ್ನಿಬ್ಬರು, ಆ ಇಬ್ಬರಿಂದ ತಮಿಳುನಾಡಿನ ಕೃಷ್ಣಗಿರಿ ಕಡೆಯ ಒಬ್ಬರ ಫೋನ್ ನಂಬರು. ಮದ್ರಾಸ್ ಸ್ಯಾಪರ್ಸ್‌ನವರಿಗೆ ಸೈನ್ಯದಲ್ಲಿ 'ತಂಬಿ' ಅಂತಲೇ ಹೆಸರು, ತಮಿಳಿನಲ್ಲಿ ತಮ್ಮ ಎಂದರ್ಥ. ವಯಸ್ಸಾದರೂ ಇವರು ಒಬ್ಬರನ್ನೊಬ್ಬರು ತಂಬಿ ಎಂದೇ ಕರೆಯುತ್ತಾರೆ. ನಾನು ಅವನ ವಿಷಯ ಕೇಳಲು ಬಂದವನು ಎಂದು ತಿಳಿದ ಕೂಡಲೇ ನನ್ನನ್ನೂ ಹಾಗೇ ಕರೆಯತೊಡಗಿದರು.

ಮೊದಲ ಭೇಟಿ ಕೆಟ್ಟಿತು. ಹಾಳೆಯಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿದ್ದೆ. 'ಅವನು ಎಂಥ ಮನುಷ್ಯ?' ಅಂದೆ. ಹವಾಲ್ದಾರರು ಬೆನ್ನು ನೆಟ್ಟಗೆ ಮಾಡಿ ಕೂತು, 'ಬಹಳ ಒಳ್ಳೆ ಜವಾನ್, ಶಿಸ್ತಿನವ' ಅಂದರು. ಮಾತು ಅಲ್ಲಿಗೇ ನಿಂತಿತು. ಸತ್ತ ಯಾವ ಸೈನಿಕನ ಬಗ್ಗೆ ಕೇಳಿದರೂ ಬರುವ ಉತ್ತರ ಅದು. ಮುಂದಿನ ಸಲ ಹಾಳೆ ಮನೆಯಲ್ಲೇ ಬಿಟ್ಟು, ಶಾಲೆಯ ಹಾಕಿ ಟೀಮಿನ ಫೋಟೋ ಒಂದನ್ನೇ ಒಯ್ದೆ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು, 'ಇವ ಎಡಚ ಅಲ್ವಾ? ಹಾಕಿ ಹೇಗೆ ಆಡ್ತಿದ್ದ?' ಎಂದು ನನ್ನನ್ನೇ ಕೇಳಿದರು.

ಅಲ್ಲಿಂದ ಬಾಗಿಲು ತೆರೆಯಿತು. ನೆಲಬಾಂಬು ಹುಡುಕುವವರು ನೆಲಕ್ಕೆ ಮಲಗಿ, ಉದ್ದ ಕಡ್ಡಿಯನ್ನು ಓರೆಯಾಗಿ ಮಣ್ಣಿಗೆ ಚುಚ್ಚುತ್ತ ಇಂಚಿಂಚೇ ಮುಂದೆ ಹೋಗಬೇಕು. ನೇರ ಚುಚ್ಚಿದರೆ ಬಾಂಬಿನ ತಲೆಗೇ ತಾಗುತ್ತದೆ. ಅದನ್ನು ಅವನು ಎಡಗೈಯಲ್ಲಿ ಮಾಡುತ್ತಿದ್ದನಂತೆ. ಉಸ್ತಾದ್ ಬೈದು ಬಲಗೈಗೆ ಹಾಕಿಸಿದರೆ, ಅವರು ಆ ಕಡೆ ತಿರುಗಿದೊಡನೆ ಮತ್ತೆ ಎಡಗೈ. ಮೂರನೇ ಕ್ಲಾಸಿನಲ್ಲಿ ಎಡಗೈಯಲ್ಲಿ ಬರೆದದ್ದಕ್ಕೆ ಅವನಿಗೆ ಬಿದ್ದ ಬೆತ್ತದ ಏಟು, ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗ ಬಳಪ ಕೈ ಬದಲಾಯಿಸುತ್ತಿದ್ದದ್ದು, ಎಲ್ಲ ನನಗೆ ಗೊತ್ತು. ಅದನ್ನು ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ನಾನು ಕೇಳಿದ್ದೆಲ್ಲ ಸಣ್ಣ ಪ್ರಶ್ನೆಗಳು. ಬೆಳಿಗ್ಗೆ ಏಳುವಾಗ ಏನಂತಿದ್ದ, ಸಂಬಳ ಬಂದ ದಿನ ಏನು ಮಾಡುತ್ತಿದ್ದ, ಯಾರ ಜೊತೆ ಜಗಳ. ಒಂದೊಂದು ನೆನಪಿಗೆ ಒಂದೊಂದು ಹಾಳೆ. ಹಾಳೆಯ ಮೇಲ್ತುದಿಯಲ್ಲಿ, ಹೇಳಿದವರು ಯಾರು, ಅವರೇ ಕಂಡದ್ದೋ ಬೇರೆಯವರಿಂದ ಕೇಳಿದ್ದೋ ಎಂದು ಗುರುತು ಹಾಕುತ್ತಿದ್ದೆ. ಬರೆದದ್ದನ್ನು ಅವರಿಗೇ ಓದಿ ಹೇಳುತ್ತಿದ್ದೆ. ಒಬ್ಬರು ಅವನು ರಾತ್ರಿ ಪಹರೆಯಲ್ಲಿ ಹಾಡುತ್ತಿದ್ದ ಅಂದರು, ಇನ್ನೊಬ್ಬರು ಅವನ ಬಾಯಿಂದ ಹಾಡು ಕೇಳಿಯೇ ಇಲ್ಲ ಅಂದರು. ಎರಡನ್ನೂ ಇಟ್ಟಿದ್ದೇನೆ. ಯಾವುದು ಸರಿ ಎಂದು ತೀರ್ಮಾನಿಸುವ ಹಕ್ಕು ನನಗಿದೆ ಅನ್ನಿಸಲಿಲ್ಲ.

ಕೊನೆಯ ದಿನದ ಬಗ್ಗೆ ನಾನಾಗಿ ಯಾರನ್ನೂ ಕೇಳಲಿಲ್ಲ. ಕೃಷ್ಣಗಿರಿಯವರು ತಾವಾಗಿಯೇ ಹೇಳಿದರು, ನಾಲ್ಕನೇ ಫೋನಿನಲ್ಲಿ. ಅಸ್ಥಿ ತಂದವರು ತಾಯಿಗೆ 'ಒಂದು ಕ್ಷಣ ಅಷ್ಟೇ ಅಮ್ಮಾ, ನೋವೇ ಆಗಲಿಲ್ಲ' ಅಂದಿದ್ದರು. ಅದು ಹಾಗಿರಲಿಲ್ಲ. ಇವರು ಪಕ್ಕದಲ್ಲೇ ಇದ್ದವರು. ಆ ಹಾಳೆ ಬರೆದ ಮೇಲೆ ಎರಡು ವಾರ ಬೇರೆ ಏನೂ ಬರೆಯಲಾಗಲಿಲ್ಲ. ಕೊನೆಗೆ ಅವನ ತಂಗಿಗೆ ವಿಷಯ ತಿಳಿಸಿದೆ. ಆಕೆ ಓದಿ, ಅದನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ತನ್ನ ಹತ್ತಿರವೇ ಇಟ್ಟುಕೊಂಡಳು. ಹಾಳೆಗಳನ್ನೆಲ್ಲ ಸೇರಿಸಿ ಮಾಡಿದ ಪುಸ್ತಕದಲ್ಲಿ ಅದಿಲ್ಲ. ತಾಯಿ ಕೇಳಿದರೆ ಕೊಡುವುದು, ಕೇಳದಿದ್ದರೆ ಇಲ್ಲ ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಈ ಕೆಲಸಕ್ಕೆ ಕೈಹಾಕುವವರಿಗೆ ನಾನು ಖಂಡಿತವಾಗಿ ಹೇಳಬಲ್ಲ ಮಾತೆಂದರೆ ಇದು: ಆ ಹಾಳೆ ಮನೆಯವರದ್ದು, ಬರೆದವನದ್ದಲ್ಲ.

ಅದೇ ಕೃಷ್ಣಗಿರಿಯವರು ಇನ್ನೊಂದು ಸಲ ಕೇಳಿದರು: 'ತಂಬಿ, ಅವನಿಗೆ ಏನು ಕಾಯಿಲೆ ಇತ್ತು? ರಜೆ ಮುಗಿಸಿ ಬರುವಾಗೆಲ್ಲ ಕೆಮ್ಮಿನ ಔಷಧಿ ಬಾಟಲಿ ತರ್ತಿದ್ದ. ಲಂಗರಿನ, ಅಂದ್ರೆ ನಮ್ಮ ಅಡುಗೆಮನೆಯ, ದಾಲಿಗೆ ನಾಲ್ಕು ಹನಿ ಹಾಕಿಕೊಂಡು ತಿನ್ತಿದ್ದ.'

ನಾನು ಅವನ ತಾಯಿಯ ಹತ್ತಿರ ಹೋದೆ. ಅವರಿಗೀಗ ಎಂಬತ್ತನಾಲ್ಕು. ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪದ ಕೆಳಗೆ ಕೂತಿದ್ದರು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರಲ್ಲಿ ಆದ ಮೇಲೆ ಅಲ್ಲಿನ ತ್ಯಾಗ ಚಕ್ರದ ಗೋಡೆಯಲ್ಲಿ ಅವನ ಹೆಸರು ಕೆತ್ತಿದ ಕಲ್ಲಿನ ಫೋಟೋ ತರಿಸಿ ಕೊಟ್ಟಿದ್ದೆ. ಅದನ್ನು ಒಮ್ಮೆ ಮುಟ್ಟಿ ಪಕ್ಕಕ್ಕಿಟ್ಟವರು, ಬಾಟಲಿಯ ಮಾತು ಕೇಳಿ ಎದ್ದು ನಿಂತರು.

'ಅದು ಕಾಚಂಪುಳಿ' ಅಂದರು. ಪಣಂಪುಳಿ ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕುದಿಸಿ ಇಳಿಸಿದ ಹುಳಿ. ನಮ್ಮ ಪಂದಿಕರಿಗೆ ಅದಿಲ್ಲದೆ ಆಗುವುದಿಲ್ಲ. 'ಟ್ರಂಕಿನಲ್ಲಿ ಚೆಲ್ಲಬಾರದು ಅಂತ ಮುಚ್ಚಳದ ಒಳಗೆ ಬಟ್ಟೆ ಇಟ್ಟು ಬಿಗೀತಿದ್ದೆ. ಟ್ರಂಕು ಬಂದಾಗ ಎಲ್ಲ ತೆಗೆದು ನೋಡಿದೆ. ಶೇವಿಂಗ್ ಸೆಟ್ ಇತ್ತು, ನನ್ನ ಕಾಗದಗಳಿದ್ದವು. ಬಾಟಲಿ ಇರಲಿಲ್ಲ.'

ಮೂವತ್ತೇಳು ವರ್ಷ ಅವರು ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

ಅಲ್ಲೇ ಕೂತು ಫೋನ್ ಮಾಡಿಕೊಟ್ಟೆ. ಹಲಸೂರಿನಲ್ಲಿ ಕಲಿತ ಕನ್ನಡ ಕೃಷ್ಣಗಿರಿಯವರಿಗೆ ಇನ್ನೂ ಸ್ವಲ್ಪ ಉಳಿದಿದೆ. ಅವ್ವ ಮಗನ ಸಾವಿನ ಮಾತೆತ್ತಲಿಲ್ಲ. 'ಬಾಟಲಿ ಖಾಲಿಯಾಗಿತ್ತಾ ಮಗಾ?' ಎಂದು ಕೇಳಿದರು.

'ಅರ್ಧ ಇತ್ತಮ್ಮಾ. ಆಮೇಲೆ ದಿನಾ ನಾವೇ ದಾಲಿಗೆ ಹಾಕ್ಕೊಂಡು ತಿಂದ್ವಿ. ಒಂದು ಹನಿಯೂ ಬಿಡಲಿಲ್ಲ.'