ಅಕ್ರೋಟಿನ ಪುಟ್ಟ ಕೇಕ್: ನಾಲ್ಕನೇ ಸಲಕ್ಕೆ ಕೈಗೆ ಬಂತು

ಮೊದಲ ಸಲ ಮಾಡಿದ ಹನ್ನೆರಡು ಕೇಕಿನಲ್ಲಿ ಒಂದರ ಮೇಲೂ ಗ್ಲೇಜ್, ಅಂದರೆ ಮೇಲೆ ಹಾಕುವ ಸಕ್ಕರೆಯ ಪದರ, ನಿಲ್ಲಲಿಲ್ಲ. ಹಾಕಿದ್ದು ನಿಜ, ಆದರೆ ಓವನ್ನಿಂದ ತೆಗೆದ ಐದೇ ನಿಮಿಷಕ್ಕೆ ಹಾಕಿದ್ದೆ. ಸಕ್ಕರೆ ಬಿಸಿಗೆ ನೀರಾಗಿ ಜಾರಿ, ಅರ್ಧ ಕೇಕಿನೊಳಗೆ ಇಂಗಿ, ಉಳಿದರ್ಧ ತಟ್ಟೆಯಲ್ಲಿ ಮಡುಗಟ್ಟಿತ್ತು. ರುಚಿಗೇನೂ ಮೋಸವಿರಲಿಲ್ಲ ಅನ್ನಿ, ನೋಡೋಕೆ ಮಾತ್ರ ಮಳೆಗೆ ಸಿಕ್ಕ ಹಾಗಿದ್ದವು.

ಎರಡನೇ ಸಲ ಮಿಕ್ಸಿ ಕೈಕೊಟ್ಟಿತು. ಅಂದರೆ ಮಿಕ್ಸಿಯದೇನೂ ತಪ್ಪಿಲ್ಲ, ಹುರಿದ ಅಕ್ರೋಟನ್ನು ಬಿಸಿಬಿಸಿಯಾಗೇ ಹಾಕಿ ಒಂದೇ ಸಮನೆ ತಿರುಗಿಸಿದ್ದು ನಾನು. ಪುಡಿಯ ಬದಲು ಎಣ್ಣೆ ಬಿಟ್ಟ ಪೇಸ್ಟ್ ಬಂತು. ಮೂರನೇ ಸಲ ಯಾವ ಬುದ್ಧಿ ಬಂತೋ, ಬೇಕಿಂಗ್ ಪೌಡರ್ ಬದಲು ಅಡುಗೆ ಸೋಡಾ ಹಾಕಿದೆ. ಕೇಕನ್ನು ಮುರಿದು ನೋಡಿದರೆ ಒಳಗೆಲ್ಲ ಬೂದು ಮಿಶ್ರಿತ ನೇರಳೆ! ಕೆಟ್ಟೇಹೋಯಿತು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅಕ್ರೋಟಿನ ಸಿಪ್ಪೆಗೆ ಕ್ಷಾರ ತಗುಲಿದರೆ ಬಣ್ಣ ಹಾಗೆ ತಿರುಗುತ್ತದೆ, ತಿಂದರೆ ಏನೂ ಆಗುವುದಿಲ್ಲ.

ಈಗ ನಾನು ಮಾಡುವ ರೀತಿ ಹೇಳುತ್ತೇನೆ. 100 ಗ್ರಾಂ ಅಕ್ರೋಟನ್ನು 170 ಡಿಗ್ರಿ ಸೆಲ್ಸಿಯಸ್ ಓವನ್ನಲ್ಲಿ 8 ನಿಮಿಷ ಹುರಿಯುತ್ತೇನೆ. ತೆಗೆದ ಕೂಡಲೇ ಒರಟು ಬಟ್ಟೆಯಲ್ಲಿ ಸುತ್ತಿ ಉಜ್ಜಿದರೆ ಸಿಪ್ಪೆ ಸುಮಾರಾಗಿ ಉದುರುತ್ತದೆ. ಒಗರೆಲ್ಲ ಇರುವುದು ಆ ಸಿಪ್ಪೆಯಲ್ಲೇ. ಎಲ್ಲ ಹೋಗಲೇಬೇಕು ಅಂತ ಹಟ ಹಿಡಿಯಬೇಡಿ, ಬೆರಳು ನೋಯುತ್ತದೆ ಅಷ್ಟೆ. ಹುರಿಯುವ ಮೊದಲು ಒಂದನ್ನು ಬಾಯಿಗೆ ಹಾಕಿಕೊಂಡು ನೋಡುವುದನ್ನು ಮಾತ್ರ ಮರೆಯಬೇಡಿ. ಕಮಟು ಬಂದ ಅಕ್ರೋಟಿದ್ದರೆ ಎಷ್ಟು ಸಕ್ಕರೆ ಹಾಕಿದರೂ ಆ ವಾಸನೆ ಮುಚ್ಚುವುದಿಲ್ಲ. ಪೂರ್ತಿ ಆರಿದ ಮೇಲೆ ಎರಡು ಚಮಚ ಸಕ್ಕರೆ ಸೇರಿಸಿ, ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಬೇಕು. ರವೆಯಷ್ಟು ತರಿಯಾದರೆ ಸಾಕು.

ಬೆಣ್ಣೆ 120 ಗ್ರಾಂ. ಸುಮ್ಮನೆ ಕರಗಿಸುವುದಿಲ್ಲ, ನೊರೆ ಇಳಿದು ತಳದಲ್ಲಿ ಕಂದು ಚುಕ್ಕೆ ಕೂರುವವರೆಗೆ ಸಣ್ಣ ಉರಿಯಲ್ಲಿ ಕಾಯಿಸುತ್ತೇನೆ. ಆ ಘಮಕ್ಕೆ ಅಡುಗೆಮನೆಗೆ ಯಾರಾದರೂ ಬಂದೇ ಬರುತ್ತಾರೆ. ಮಾತಿಗೆ ನಿಂತಿರೋ, ಕಂದು ಹೋಗಿ ಕಪ್ಪಾಗಲು ಅರ್ಧ ನಿಮಿಷ ಸಾಕು. ತಕ್ಷಣ ಬೇರೆ ಪಾತ್ರೆಗೆ ಸುರಿಯಬೇಕು, ಚುಕ್ಕೆಗಳ ಸಮೇತ.

ಎರಡು ಮೊಟ್ಟೆ, 100 ಗ್ರಾಂ ಸಕ್ಕರೆ ಚೆನ್ನಾಗಿ ಕಲಕಿ, ಉಗುರುಬೆಚ್ಚಗಾದ ಬೆಣ್ಣೆ, ಮೂರು ದೊಡ್ಡ ಚಮಚ ಹಾಲು ಸೇರಿಸುತ್ತೇನೆ. 90 ಗ್ರಾಂ ಮೈದಾ, ಮುಕ್ಕಾಲು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಅಕ್ರೋಟಿನ ಪುಡಿ ಕೊನೆಗೆ. ಮೈದಾ ಬಿದ್ದ ಮೇಲೆ ಹತ್ತು ಹದಿನೈದು ಸುತ್ತಿಗಿಂತ ಹೆಚ್ಚು ಕಲಕಿದರೆ ಕೇಕ್ ಜಗಿಯುವ ಹಾಗಾಗುತ್ತದೆ. ಅಚ್ಚಿನ ಮುಕ್ಕಾಲು ಭಾಗ ತುಂಬಿಸಿ 175 ಡಿಗ್ರಿಯಲ್ಲಿ 16ರಿಂದ 18 ನಿಮಿಷ. ನನ್ನ ಓವನ್ನಿನ ಹಿಂಭಾಗ ಹೆಚ್ಚು ಬಿಸಿ, ಹಾಗಾಗಿ ಹನ್ನೆರಡನೇ ನಿಮಿಷಕ್ಕೆ ಟ್ರೇ ತಿರುಗಿಸಿಡುತ್ತೇನೆ.

ಇನ್ನು ಗ್ಲೇಜ್. 120 ಗ್ರಾಂ ಪುಡಿ ಸಕ್ಕರೆಯನ್ನು ಜರಡಿ ಹಿಡಿದು, ನಾಲ್ಕು ಟೀ ಚಮಚ ನಿಂಬೆರಸವನ್ನು ಒಂದೊಂದೇ ಚಮಚ ಹಾಕುತ್ತಾ ಕಲಸುತ್ತೇನೆ. ಚಮಚ ಎತ್ತಿದರೆ ದಪ್ಪ ಪಟ್ಟಿಯಂತೆ ಇಳಿಯಬೇಕು, ಇಳಿದ ಗೆರೆ ಹತ್ತು ಎಣಿಸುವವರೆಗೆ ಅಳಿಸಬಾರದು. ನೀರಾಯಿತು ಅನ್ನಿಸಿದರೆ ಸಕ್ಕರೆಯನ್ನು ಮುಷ್ಟಿಗಟ್ಟಲೆ ಹಾಕಬೇಡಿ, ಒಂದೊಂದು ಚಮಚ ಹಾಕಿ ನೋಡಿ. ಕೇಕ್ ಆರಿದೆಯೋ ಇಲ್ಲವೋ ಎಂದು ನೋಡಲು ಮೇಲೆ ಮುಟ್ಟಿದರೆ ಸಾಲದು. ತಳಕ್ಕೆ ಕೈ ಇಟ್ಟು ನೋಡಿ, ಬಿಸಿ ಅಡಗಿರುವುದು ಅಲ್ಲಿ. ನನಗೆ ಒಂದು ಗಂಟೆ ಬೇಕಾಗುತ್ತದೆ. ಆಮೇಲೆ ಕೇಕನ್ನು ತಲೆಕೆಳಗಾಗಿ ಹಿಡಿದು ಗ್ಲೇಜಿಗೆ ಅದ್ದಿ, ಸ್ವಲ್ಪ ತಿರುಚಿ ಎತ್ತುತ್ತೇನೆ, ಅಂಚು ದುಂಡಗೆ ಬರುತ್ತದೆ. ಹಸಿ ಇರುವಾಗಲೇ ಮೇಲೊಂದು ಅಕ್ರೋಟಿನ ಚೂರು ಕೂರಿಸಬೇಕು, ಒಣಗಿದ ಮೇಲೆ ಅಂಟುವುದಿಲ್ಲ.

ಡಬ್ಬಿಗೆ ಹಾಕುವುದು ಮೇಲ್ಪದರ ಬೆರಳಿಗೆ ಅಂಟದಂತಾದ ಮೇಲೆಯೇ. ನಾಳೆಗೆ ಬೇಕಿದ್ದರೆ ನಾನು ಬರೀ ಕೇಕ್ ಮಾಡಿಟ್ಟು, ಗ್ಲೇಜ್ ಬೆಳಿಗ್ಗೆ ಹಾಕುತ್ತೇನೆ. ಬರೀ ಕೇಕುಗಳನ್ನು ರಾತ್ರಿ ಎಣಿಸಿಟ್ಟರೂ ಬೆಳಿಗ್ಗೆ ಹನ್ನೊಂದೇ ಇರುತ್ತವೆ, ಅದು ಬೇರೆ ಮಾತು.