ಕವಳ ಅಗಿಯುವ ಬಾಯಿಗೆ ಬ್ರಿಜ್ ಕೂರಿಸುವಾಗ

ಶಿರಸಿ ಸೀಮೆಯ ದಂತವೈದ್ಯೆಯಾಗಿ ನಾನು ಬ್ರಿಜ್ ಮಾತೆತ್ತುವ ಮೊದಲು ಕೇಳುವ ಪ್ರಶ್ನೆ, ‘ಕವಳ ಹಾಕುತ್ತೀರಾ?’ ಕವಳವೆಂದರೆ ಎಲೆ-ಅಡಿಕೆ. ಬ್ರಿಜ್ ಎಂದರೆ ಹೋದ ಹಲ್ಲಿನ ಅಕ್ಕಪಕ್ಕದ ಹಲ್ಲುಗಳನ್ನು ತೇಯ್ದು ಕ್ಯಾಪ್ ತೊಡಿಸಿ, ನಡುವೆ ಕೃತಕ ಹಲ್ಲನ್ನು ಸೇರಿಸಿ ಅಂಟಿಸುವ ಸೇತುವೆ. ಅಡಿಕೆ ಅಗಿದೂ ಅಗಿದೂ ಎನಾಮೆಲ್ ಸವೆದು, ಒಳಗಿನ ಹಳದಿ ಪದರ ಮೇಲೆ ಬಂದಿರುವ ದವಡೆಹಲ್ಲುಗಳು ಇಲ್ಲಿ ಅಪರೂಪವಲ್ಲ. ಬ್ರಿಜ್ ಎಷ್ಟು ಕಾಲ ಬಾಳುತ್ತದೆ ಎನ್ನುವುದು ಅದನ್ನು ಹೊರುವ ಅಕ್ಕಪಕ್ಕದ ಹಲ್ಲುಗಳಿಗೆ ಬಿಟ್ಟದ್ದು. ಅವೇ ಸವೆದು ಗಿಡ್ಡವಾಗಿದ್ದರೆ ಕೆಲಸದ ರೀತಿಯೇ ಬೇರೆಯಾಗುತ್ತದೆ.

ಸಿದ್ದಾಪುರ ಕಡೆಯ ತೋಟಿಗರೊಬ್ಬರು ಬಂದಿದ್ದರು. ಕೆಳಗಿನ ಮೊದಲ ದೊಡ್ಡ ದವಡೆಹಲ್ಲನ್ನು ಕೀಳಿಸಿ ವರ್ಷಗಳಾಗಿದ್ದವು. ಆರನೇ ವಯಸ್ಸಿನ ಹೊತ್ತಿಗೆ ಹುಟ್ಟುವ ಈ ಹಲ್ಲನ್ನು ಹಾಲುಹಲ್ಲೆಂದು ತಿಳಿದು ಅಲಕ್ಷಿಸುವವರು ಬಹಳ. ಹಲ್ಲು ಹೋದ ಜಾಗ ಸುಮ್ಮನೆ ಖಾಲಿ ಉಳಿಯುವುದಿಲ್ಲ. ಅವರ ಹಿಂದಿನ ಹಲ್ಲು ಮುಂದಕ್ಕೆ ವಾಲಿತ್ತು, ಮೇಲಿನ ಹಲ್ಲು ತುಸು ಕೆಳಗಿಳಿದಿತ್ತು.

“ಡಾಕ್ಟರೇ, ತೆಗೆದು ಹಾಕುವ ಸೆಟ್ ಮಾತ್ರ ಬೇಡ. ನಾಲ್ಕು ಜನರ ಪಂಕ್ತಿಯಲ್ಲಿ ಅದನ್ನು ತೆಗೆದಿಡಲು ಸಂಕೋಚ” ಎಂದರು. ಇಂಪ್ಲಾಂಟ್ ಮಾಡಿದರೆ, ಅಂದರೆ ದವಡೆಯ ಮೂಳೆಗೇ ತಿರುಪು ಕೂರಿಸಿ ಅದರ ಮೇಲೆ ಹಲ್ಲು ನಿಲ್ಲಿಸಿದರೆ, ಪಕ್ಕದ ಹಲ್ಲು ತೇಯಬೇಕಾಗಿಲ್ಲ ಎಂದು ವಿವರಿಸಿದೆ. ಶಸ್ತ್ರಕ್ರಿಯೆಗೆ ಅವರು ಒಪ್ಪಲಿಲ್ಲ. ಉಳಿದದ್ದು ಬ್ರಿಜ್. ಬಾಯಿ ಎಷ್ಟು ತೆರೆಯುತ್ತದೆ ಎಂದು ಅವರದೇ ಮೂರು ಬೆರಳುಗಳನ್ನು ನಿಲ್ಲಿಸಿಟ್ಟು ನೋಡಿದೆ. ಅಡಿಕೆಯಿಂದ ಕೆನ್ನೆಯ ಒಳಪದರ ಬೆಳ್ಳಗೆ ಬಿಗಿದುಕೊಂಡವರಿಗೆ ಅಷ್ಟು ಬಾಯಿ ತೆರೆಯುವುದಿಲ್ಲ. ಅಂಥವರಿಗೆ ಮೊದಲು ಆ ರೋಗದ ಚಿಕಿತ್ಸೆಯಾಗಬೇಕು. ಇವರ ಕೆನ್ನೆ ಮೆತ್ತಗಿತ್ತು. ಎಕ್ಸ್‌ರೇಯಲ್ಲಿ ಬೇರುಗಳ ಸುತ್ತ ಮೂಳೆಯೂ ಚೆನ್ನಾಗಿತ್ತು.

ತೇಯುವ ಕೆಲಸವೇ ಇದರ ಜೀವಾಳ. ಅಗಿಯುವ ಮೇಲ್ಮೈಯನ್ನು ಸೆರಾಮಿಕ್‌ನಲ್ಲಿ ಮಾಡಿದರೆ ಮೇಲಿನಿಂದ ಒಂದೂವರೆಯಿಂದ ಎರಡು ಮಿಲಿಮೀಟರ್ ತೇಯಬೇಕು. ಮೊದಲೇ ಗಿಡ್ಡವಾದ ಹಲ್ಲಿನಲ್ಲಿ ಅಷ್ಟು ತೆಗೆದರೆ ಕ್ಯಾಪ್ ಹಿಡಿದುಕೊಳ್ಳಲು ಗೋಡೆ ಉಳಿಯುವುದಿಲ್ಲ. ಹಾಗಾಗಿ ಅಗಿಯುವ ಭಾಗ ಬರೀ ಲೋಹ, ಕೆನ್ನೆಯ ಕಡೆ ಮಾತ್ರ ಹಲ್ಲಿನ ಬಣ್ಣ ಎಂದು ನಿರ್ಧರಿಸಿದೆ. ನಕ್ಕಾಗ ಕಾಣದ ಜಾಗವಾದ್ದರಿಂದ ಅವರೂ ಒಪ್ಪಿದರು. ಎರಡೂ ಹಲ್ಲುಗಳ ಗೋಡೆಗಳು ಹೆಚ್ಚುಕಡಿಮೆ ಸಮಾನಾಂತರವಾಗಿದ್ದರೆ ಮಾತ್ರ ಬ್ರಿಜ್ ಒಂದೇ ದಾರಿಯಲ್ಲಿ ಇಳಿದು ಕೂರುತ್ತದೆ. ವಾಲಿದ ಹಲ್ಲಿನ ಮುಂಬದಿಯನ್ನು ಇನ್ನಷ್ಟು ತೇಯಬೇಕು, ಆದರೆ ಒಳಗಿನ ನರಕ್ಕೆ ತಾಗಬಾರದು. ಇಲ್ಲಿ ನಾನು ಅವಸರ ಮಾಡುವುದೇ ಇಲ್ಲ. ಸ್ವಲ್ಪ ತೇಯ್ದು, ನೀರು ಹಾಯಿಸಿ, ಒಂದೇ ಕಣ್ಣಿನಿಂದ ಕನ್ನಡಿಯಲ್ಲಿ ನೋಡಿ, ಮತ್ತೆ ತೇಯುತ್ತೇನೆ. ಕೆಳಗಿಳಿದ ಮೇಲಿನ ಹಲ್ಲಿನ ತುದಿಯನ್ನೂ ತುಸು ಸಮ ಮಾಡಿದೆ.

ಒಸಡಿನ ಅಂಚಿಗೆ ಸಣ್ಣ ದಾರ ಸೇರಿಸಿ ಒಸಡನ್ನು ಸರಿಸಿದ ಮೇಲೆ ಸಿಲಿಕೋನ್‌ನಲ್ಲಿ ಅಳತೆ ತೆಗೆದು, ತಾತ್ಕಾಲಿಕ ಕ್ಯಾಪ್ ಹಾಕಿದೆ. ಅಳತೆ ಹುಬ್ಬಳ್ಳಿಯ ಲ್ಯಾಬಿಗೆ ಹೋಯಿತು.

ಲೋಹದ ಚೌಕಟ್ಟು ಬಂದಾಗ ಮೊದಲು ಅದನ್ನಷ್ಟೇ ಕೂರಿಸಿ ಅಂಚು ನೋಡಿದೆ. ಪೂರ್ಣ ಬ್ರಿಜ್ ಬಂದ ದಿನ, ಹಲ್ಲು ತಾಗುವಲ್ಲಿ ಗುರುತು ಮೂಡಿಸುವ ನೀಲಿ ಕಾಗದ ಕಚ್ಚಿಸಿದೆ. ನಡುವಿನ ಹಲ್ಲಿನ ಮೇಲೆ ಒಂದೇ ಕಡೆ ದಟ್ಟ ಚುಕ್ಕೆ ಬಿದ್ದಿತ್ತು. ಅದನ್ನು ಹಾಗೇ ಬಿಟ್ಟು ಅಂಟಿಸಿದರೆ ಅಡಿಕೆಯ ಭಾರವೆಲ್ಲ ಅಲ್ಲೇ ಬೀಳುತ್ತದೆ. ಬಾಯಿ ಆಚೀಚೆ ಆಡಿಸಲು ಹೇಳಿ, ಚುಕ್ಕೆಗಳು ತೆಳುವಾಗಿ ಹರಡುವವರೆಗೆ ಒರೆದು, ಆಮೇಲೆ ಗ್ಲಾಸ್ ಅಯೊನೊಮರ್ ಸಿಮೆಂಟಿನಿಂದ ಅಂಟಿಸಿದೆ.

ಕನ್ನಡಿ ಅವರ ಕೈಗೆ ಕೊಟ್ಟು, ನಡುವಿನ ಹಲ್ಲಿನ ಅಡಿಗೆ ಸಣ್ಣ ಬ್ರಷ್ ತೂರಿಸುವುದನ್ನು ಅವರಿಂದಲೇ ಮಾಡಿಸಿದೆ. ಕೃತಕ ಹಲ್ಲಿಗೆ ಹುಳುಕು ಹಿಡಿಯುವುದಿಲ್ಲ. ಅದನ್ನು ಹೊತ್ತ ಹಲ್ಲುಗಳ ಅಂಚಿಗೆ ಹಿಡಿಯುತ್ತದೆ, ಬ್ರಿಜ್ ಸೋಲುವುದು ಹೆಚ್ಚಾಗಿ ಅಲ್ಲಿಂದಲೇ.

“ಇನ್ನು ಕವಳ ಹಾಕಬಹುದಲ್ಲ?” ಎಂದು ಕೇಳಿದರು. ಬೇಡ ಎಂದೆ. ಅಡಿಕೆಯನ್ನೇ ನಂಬಿದ ಊರಿನಲ್ಲಿ ಈ ಮಾತು ಹೇಳುವುದು ಕಷ್ಟ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅದನ್ನೂ ಬಿಡಿಸಿ ಹೇಳಿ, ಆರು ತಿಂಗಳಿಗೊಮ್ಮೆ ಬಂದು ಬ್ರಿಜ್‌ನ ಜೊತೆ ಕೆನ್ನೆಯನ್ನೂ ತೋರಿಸಲು ಚೀಟಿಯಲ್ಲಿ ಬರೆದುಕೊಟ್ಟೆ.