ಕಲಬುರಗಿಯಲ್ಲಿ ಕೂತು ಗುರುವಿನ ಕೆಂಪು ಚುಕ್ಕೆ ಜೋಡಿಸಿದ್ದು

ಗುರುಗ್ರಹದ ಕೆಂಪು ಚುಕ್ಕೆ, ಅಂದರೆ ಅಲ್ಲಿನ ದೈತ್ಯ ಬಿರುಗಾಳಿ, ನನ್ನ ಚಿತ್ರದಲ್ಲಿ ಕೊನೆಗೂ ಸರಿಯಾಗಿ ಕೂತಿದೆ. ಹಳೇ ಲ್ಯಾಪ್‌ಟಾಪಿನಲ್ಲಿ ಗುರುವಿನ ಬಳಿಗೆ ಹೋದ ನಾಸಾದ ಜೂನೋ ನೌಕೆಯ ಕ್ಯಾಮೆರಾ ಜೂನೋಕ್ಯಾಮ್‌ನ ಕಚ್ಚಾ ಚಿತ್ರ ಜೋಡಿಸುವುದು ಆಗದ ಮಾತು ಎಂದವರಿಗೆಲ್ಲ ಮೊದಲು ಅದನ್ನೇ ಕಳಿಸಿದೆ. ಮೋಡದ ಸುರುಳಿಗಳು ಎಷ್ಟು ಚೆನ್ನಾಗಿ ಬಂದಿವೆ ಎಂದರೆ, ನಾನೇ ಅರ್ಧ ಗಂಟೆ ನೋಡುತ್ತಾ ಕೂತಿದ್ದೆ.

ನಾನು ಹಿಡಿದದ್ದು 2017ರ ಜುಲೈ ಚಿತ್ರಗಳನ್ನು. ಆಗ ಜೂನೋ ಚುಕ್ಕೆಯ ಮೇಲೆ ಸುಮಾರು 9,000 ಕಿ.ಮೀ. ಎತ್ತರದಲ್ಲಿ ಹಾದುಹೋಗಿತ್ತು. ಕಚ್ಚಾ ಚಿತ್ರ ಕೆಂಪು, ಹಸಿರು, ನೀಲಿ ಬಣ್ಣಗಳ ಕಿರುಪಟ್ಟಿಗಳಾಗಿ ಬರುತ್ತದೆ; ಅವನ್ನು ಬಿಡಿಸಿ ಬಣ್ಣ ಬೇರೆ ಮಾಡುವುದು ಅಷ್ಟು ಕಷ್ಟವಲ್ಲ. ನನ್ನ ಕಷ್ಟ ಶುರುವಾದದ್ದು ಆಮೇಲೆ. ಗ್ರಹ ಎಲ್ಲಿರಬೇಕು ಎಂದು ಲೆಕ್ಕ ಹಾಕಿದ ಗೋಳ ಒಂದು ಕಡೆ, ಚಿತ್ರದಲ್ಲಿ ಕಾಣುವ ಗ್ರಹದ ಅಂಚು ಇನ್ನೊಂದು ಕಡೆ. ಕೈಯಿಂದ ಎಳೆದು ಕೂರಿಸಿದರೆ ಪಕ್ಕದ ಪಟ್ಟಿ ಜರುಗುತ್ತಿತ್ತು. ಮೂರು ತಿಂಗಳು ಹೀಗೇ ಹೋಯಿತು.

ದುಡ್ಡೂ ಹೋಯಿತು. ಒಂದು ಅಂಗಡಿಯಲ್ಲಿ ಮೂರೂವರೆ ಸಾವಿರ ಕೊಟ್ಟು ಹಾಕಿಸಿದ ರ‍್ಯಾಮ್ ಹದಿನೈದೇ ದಿನಕ್ಕೆ ಕೈಕೊಟ್ಟಿತು. ಅವರು ದುಡ್ಡು ವಾಪಸ್ ಕೊಡಲಿಲ್ಲ. ಮೇ ತಿಂಗಳ ಬಿಸಿಲಿಗೆ ಲ್ಯಾಪ್‌ಟಾಪ್ ಕಾದು ತಾನೇ ಆಫ್ ಆಗುತ್ತಿತ್ತು. ಕೂಲರ್ ಎದುರು ಇಟ್ಟು, ರಾತ್ರಿ ಹನ್ನೊಂದರ ಮೇಲೆ ಮಾತ್ರ ಓಡಿಸಿದೆ. ಇನ್ವರ್ಟರ್ ಬ್ಯಾಟರಿ ಸೇರಿ ಒಟ್ಟು ಹದಿನೆಂಟು ಸಾವಿರ ಆಗಿರಬೇಕು.

ತಪ್ಪು ಇದ್ದದ್ದು ಸಮಯದಲ್ಲಿ. ಚಿತ್ರದ ಜೊತೆ ಬರೆದಿರುವ ಶುರುವಿನ ಹೊತ್ತಿಗೆ ಸುಮಾರು 62 ಮಿಲಿಸೆಕೆಂಡ್ ಕೂಡಿಸಬೇಕು. ಅಷ್ಟನ್ನು ಸುಮ್ನೆ ಬಿಡಬಹುದು ಅನಿಸುತ್ತದೆ, ಅಲ್ವಾ? ಆದರೆ ನೌಕೆ 30 ಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆ. ಅಷ್ಟು ಹೊತ್ತಿಗೇ ಹತ್ತಿರಹತ್ತಿರ 20 ಪಿಕ್ಸೆಲ್ ಸರಿದಿರುತ್ತದೆ. ಫ್ರೇಮ್‌ಗಳ, ಅಂದರೆ ಒಂದೊಂದು ಸಲ ತೆಗೆದ ತುಣುಕುಗಳ, ನಡುವಿನ ಸಮಯಕ್ಕೂ 1 ಮಿಲಿಸೆಕೆಂಡ್ ಸೇರಿಸಬೇಕು. ಬಿಟ್ಟರೆ ಕೊನೆಕೊನೆಯ ಪಟ್ಟಿಗಳು ಜಾಸ್ತಿ ಜಾರುತ್ತವೆ. ಇದೆಲ್ಲ ಕ್ಯಾಮೆರಾದ ಅಳತೆ, ಸಮಯಗಳ ವಿವರ ಇರುವ ಕರ್ನಲ್ ಫೈಲಿನಲ್ಲೇ ಇತ್ತು. ಮೊದಲು ಅದನ್ನು ಪೂರ್ತಿ ಓದಿ.

ಇಷ್ಟಾದ ಮೇಲೂ ಉಳಿಯುವ ಚೂರು ವ್ಯತ್ಯಾಸ ಚಿತ್ರದಿಂದ ಚಿತ್ರಕ್ಕೆ ಬೇರೆ. ಅದಕ್ಕೆ ಗ್ರಹದ ಅಂಚನ್ನೇ ಹಿಡಿದು ಹೊಂದಿಸಿದೆ. ಅಂಚಿನ ಯಾವ ಭಾಗ ನಂಬಬೇಕು, ಯಾವುದನ್ನು ಬಿಡಬೇಕು ಎಂಬುದು ಸದ್ಯ ನನ್ನ ಹತ್ತಿರವೇ ಇರಲಿ.

ನಡುವೆ, ಮೀಥೇನ್ ಅನಿಲ ಹೀರುವ ಬೆಳಕನ್ನಷ್ಟೇ ಒಳಗೆ ಬಿಡುವ ಮೀಥೇನ್ ಫಿಲ್ಟರ್ ಚಿತ್ರಗಳ ಹಿಂದೆ ಬಿದ್ದು ಎರಡು ವಾರ ಕಳೆದೆ. ಅದರಲ್ಲಿ ಎತ್ತರದ ಮೋಡ ಬೆಳ್ಳಗೆ ಕಾಣುತ್ತದೆ, ಹಾಗಾಗಿ ಕೆಂಪು ಚುಕ್ಕೆ ಫಳಫಳ ಹೊಳೆಯುತ್ತದೆ. ಬಣ್ಣದ ಚಿತ್ರದ ಮೇಲೆ ಅದನ್ನು ಹೊದಿಸಿ ನೋಡಿದೆ, ಚೆನ್ನಾಗಿ ಬರಲಿಲ್ಲ.

ಈಗ ದಕ್ಷಿಣ ಧ್ರುವ ಹಿಡಿದಿದ್ದೇನೆ. ಜೂನೋ ಮೊದಲು ನೋಡಿದಾಗ ಅಲ್ಲಿ ನಡುವಿನ ಸುಂಟರಗಾಳಿಯ ಸುತ್ತ ಐದು ಇದ್ದವು, ಒಂದೊಂದೂ ಭಾರತದ ಉದ್ದಕ್ಕಿಂತ ಅಗಲ. ಮೂರು ಕೂತಿವೆ. ಉಳಿದೆರಡು ಕತ್ತಲಲ್ಲಿವೆ, ಅದಕ್ಕೆ ಬೇರೆ ಹಾರಾಟದ ಚಿತ್ರ ಇಳಿಸಿಕೊಳ್ಳುತ್ತಿದ್ದೇನೆ.